ವಿಮಾನದಲ್ಲಿ ಹೊಟ್ಟೆ ತೊಳಸಿದಾಗ

ವಿಮಾನ ಕುಲುಕಿದಾಗ ಒಳಕಿವಿಯ ನಾಳಗಳಲ್ಲಿರುವ ದ್ರವ ಅಲುಗಾಡಿ, ದೇಹ ಚಲಿಸುತ್ತಿದೆ ಎಂದು ಮಿದುಳಿಗೆ ತಿಳಿಸುತ್ತದೆ. ಕಣ್ಣಿಗೆ ಕಾಣುವುದು ಮಾತ್ರ ಅಲ್ಲಾಡದ ಮುಂದಿನ ಸೀಟು. ಎರಡೂ ತಾಳೆಯಾಗದೆ ಆಕಳಿಕೆ, ತಣ್ಣನೆಯ ಬೆವರು, ತಲೆಸುತ್ತು, ಕೊನೆಗೆ ವಾಂತಿ ಬರುತ್ತದೆ. 2ರಿಂದ 12 ವರ್ಷದ ಮಕ್ಕಳಿಗೆ, ಗರ್ಭಿಣಿಯರಿಗೆ, ಮೈಗ್ರೇನ್ ಇರುವವರಿಗೆ ಈ ಕಾಟ ಹೆಚ್ಚು.

ರೆಕ್ಕೆಯ ಬಳಿಯ ಸೀಟಿನಲ್ಲಿ ಕುಲುಕಾಟ ಕಡಿಮೆ, ಬಾಲದ ಕಡೆ ಹೆಚ್ಚು. ಹೊಟ್ಟೆ ತೊಳಸಲು ಶುರುವಾದರೆ ಪುಸ್ತಕ, ಮೊಬೈಲ್ ಬದಿಗಿಟ್ಟು, ತಲೆಯನ್ನು ಸೀಟಿಗೆ ಒರಗಿಸಿ ಕಣ್ಣು ಮುಚ್ಚಬೇಕು. ಬರಿಹೊಟ್ಟೆಯೂ ಬೇಡ, ಕರಿದ ತಿಂಡಿ, ಮದ್ಯವೂ ಬೇಡ. ಶುಂಠಿ ಕೆಲವರಿಗೆ ಹಿತ. ಡೈಮೆನ್‌ಹೈಡ್ರಿನೇಟ್, ಮೆಕ್ಲಿಜಿನ್‌ನಂಥ ಮಾತ್ರೆಗಳನ್ನು ವಿಮಾನ ಹೊರಡುವ ಸುಮಾರು 1 ಗಂಟೆ ಮೊದಲೇ ನುಂಗಬೇಕು. ವಾಂತಿ ಶುರುವಾದ ಮೇಲೆ ಉಪಯೋಗ ಕಡಿಮೆ. ಇವು ನಿದ್ದೆ ತರಿಸುವುದರಿಂದ ಇಳಿದ ಕೂಡಲೇ ವಾಹನ ಓಡಿಸಬಾರದು. ಮಕ್ಕಳಿಗೂ ಗರ್ಭಿಣಿಯರಿಗೂ ವೈದ್ಯರನ್ನು ಕೇಳಿಯೇ ಕೊಡಬೇಕು.