ಚಿಕ್ಕ ಪೆಟ್ಟಿಗೆಗೆ ತಕ್ಕ ಗ್ರಾಫಿಕ್ಸ್ ಕಾರ್ಡು

ಕಛೇರಿಗಳು ಬಳಸಿ ಬಿಟ್ಟ ಸಣ್ಣ ಕಂಪ್ಯೂಟರುಗಳನ್ನು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೊಂಡು, ಮಕ್ಕಳ ವ್ಯಾಸಂಗಕ್ಕೆಂದು ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳಿಗೆ ತರುವ ಗೃಹಸ್ಥರುಂಟು. ಬಳಿಕ ಮಕ್ಕಳು ಗ್ರಾಫಿಕ್ಸ್ ಕಾರ್ಡನ್ನು ಬೇಡುವರು. ಮಿತವಾದ ಆದಾಯದ ಸಂಸಾರಕ್ಕೆ ಇದು ಅಲ್ಪ ವೆಚ್ಚವಲ್ಲ. ಪೆಟ್ಟಿಗೆಗೆ ಹೊಂದದ ಕಾರ್ಡನ್ನು ತಂದರೆ ಹಣವು ವ್ಯರ್ಥವಾಗುವುದಲ್ಲದೆ ಮಕ್ಕಳಿಗೆ ಆಶಾಭಂಗವೂ ಆಗುವುದು.

ಮೊದಲು ಪ್ರಯೋಜನವನ್ನು ವಿಚಾರಿಸತಕ್ಕದ್ದು. ಪಾಠ, ಲೆಕ್ಕಪತ್ರ, ಸಿನಿಮಾ ವೀಕ್ಷಣೆಗಳಿಗೆ ಯಂತ್ರದಲ್ಲಿ ಮೊದಲೇ ಇರುವ ಚಿತ್ರಶಕ್ತಿಯೇ ಸಾಕು. ಹೊಸ ಆಟಗಳಿಗೂ ವಿಡಿಯೋ ಸಂಕಲನಕ್ಕೂ ಬೇರೆ ಕಾರ್ಡು ಬೇಕಾದೀತು.

ಎರಡನೆಯದು ಅಳತೆ. ತೆಳುವಾದ ಪೆಟ್ಟಿಗೆಯಲ್ಲಿ ಪೂರ್ಣ ಎತ್ತರದ ಕಾರ್ಡು ಹಿಡಿಸದು. ‘ಲೋ ಪ್ರೊಫೈಲ್’ ಎಂಬ ಗಿಡ್ಡ ಕಾರ್ಡನ್ನೂ ಅದಕ್ಕೊಪ್ಪುವ ಗಿಡ್ಡ ಲೋಹಪಟ್ಟಿಯನ್ನೂ ಕೇಳಿ ಪಡೆಯಬೇಕು.

ಮೂರನೆಯದು ವಿದ್ಯುತ್ತು. ಬೇರೆ ತಂತಿಯಿಲ್ಲದೆ ಸ್ಲಾಟಿನಿಂದ ದೊರೆಯುವುದು ಹೆಚ್ಚೆಂದರೆ 75 ವ್ಯಾಟ್. ಕೆಲವು ಕಛೇರಿಯ ಯಂತ್ರಗಳಲ್ಲಿ ಅದಕ್ಕೂ ಕಡಮೆ. 2022ರ ಆರ್‌ಎಕ್ಸ್ 6400 ಕಾರ್ಡಿಗೆ 53 ವ್ಯಾಟ್ ಸಾಕು. ಆದರೆ ಹಳೆಯ ಮದರ್‌ಬೋರ್ಡುಗಳಲ್ಲಿ ಅದರ ವೇಗ ಕುಂದುವುದು, ವಿಡಿಯೋ ಸಂಕಲನಕ್ಕೂ ಅದು ಅಷ್ಟಾಗಿ ಒಗ್ಗದು. 2024ರಲ್ಲಿ ಬಂದ 6 ಜಿಬಿಯ ಆರ್‌ಟಿಎಕ್ಸ್ 3050 ಎರಡಕ್ಕೂ ಲೇಸು. ಅದಕ್ಕೆ 70 ವ್ಯಾಟ್ ಬೇಕು. ಅದರ ಗಿಡ್ಡ ರೂಪಗಳು ಸಾಮಾನ್ಯವಾಗಿ ಎರಡು ಸ್ಲಾಟುಗಳ ಜಾಗವನ್ನು ಆಕ್ರಮಿಸುವುವು.

ಕಡೆಯದು ಗಾಳಿ. ಚಂದ್ರಿಕೆಯಲ್ಲಿ ಹುಳುಗಳು ಕಿಕ್ಕಿರಿದರೆ ಗೂಡು ಕೆಡುವುದೆಂಬುದನ್ನು ಶಿಡ್ಲಘಟ್ಟದ ರೇಷ್ಮೆಯವರು ಬಲ್ಲರು. ಅಂತೆಯೇ ಗಾಳಿಯಾಡದ ಪೆಟ್ಟಿಗೆಯಲ್ಲಿ ಕಾದ ಕಾರ್ಡು ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುವುದು.

ಆದುದರಿಂದ ಪೆಟ್ಟಿಗೆಯನ್ನು ತೆರೆದು, ಎತ್ತರ, ಉದ್ದ, ದಪ್ಪಗಳನ್ನೂ ಪವರ್ ಸಪ್ಲೈ ಮೇಲಿನ ವ್ಯಾಟ್ ಅಂಕಿಯನ್ನೂ ಮಕ್ಕಳಿಂದಲೇ ಬರೆಯಿಸಿಕೊಂಡು, ಅನಂತರ ಬೆಂಗಳೂರಿಗೆ ಹೊರಡುವುದು ಉಚಿತ.