ಹಳೆಯ ಕಾರಿನ ಎಂಜಿನ್ ಚಾಲೂ ಆಗಲು ತಡವಾದಾಗ: ಕಾರಣವನ್ನು ಕಂಡುಹಿಡಿಯುವ ಕ್ರಮ

ನಮ್ಮ ದೇಶದ ನಗರಗಳಲ್ಲಿ ಹದಿನೈದು, ಇಪ್ಪತ್ತು ವರ್ಷಗಳಷ್ಟು ಹಳೆಯದಾದ ಪೆಟ್ರೋಲ್ ಕಾರುಗಳು ಇಂದಿಗೂ ಓಡಾಡುತ್ತಿವೆ. ಹೈದರಾಬಾದಿನಂತಹ ವಿಶಾಲ ನಗರದಲ್ಲಿ ಎಷ್ಟೋ ಮಧ್ಯಮ ವರ್ಗದ ಕುಟುಂಬಗಳಿಗೆ ಅಂತಹ ಕಾರೇ ಏಕೈಕ ವಾಹನ. ರಾತ್ರಿ ವೇಳೆ ಆಸ್ಪತ್ರೆಗೆ ಹೋಗುವುದಕ್ಕೂ ಅದೇ ಬೇಕು, ಜಹೀರಾಬಾದಿನ ಮಾರ್ಗವಾಗಿ ಬೀದರ್ ಅಥವಾ ಕಲಬುರಗಿಯ ಬಂಧುಗಳನ್ನು ಕಾಣಲು ಹೋಗುವುದಕ್ಕೂ ಅದೇ ಬೇಕು. ಅಂತಹ ವಾಹನ ಬೆಳಿಗ್ಗೆ ಹತ್ತು ಬಾರಿ ಕೀಲಿ ತಿರುಗಿಸಿದರೂ ಚಾಲೂ ಆಗದಿದ್ದರೆ ಮಾಲೀಕರು ಕಳವಳಗೊಳ್ಳುವುದು ಸಹಜ. ಕಾರಣವನ್ನು ಗುರುತಿಸದೆ ಒಂದಾದ ಮೇಲೊಂದು ಬಿಡಿಭಾಗವನ್ನು ಬದಲಾಯಿಸುತ್ತ ಹೋದರೆ ಸಾವಿರಾರು ರೂಪಾಯಿ ವ್ಯಯವಾಗುತ್ತದೆ, ದೋಷ ಮಾತ್ರ ಹಾಗೆಯೇ ಉಳಿಯುತ್ತದೆ. ಕ್ರಮಬದ್ಧವಾಗಿ ಪರಿಶೀಲಿಸಿದಲ್ಲಿ ಹೆಚ್ಚಿನ ದೋಷಗಳನ್ನು ಅಲ್ಪ ವೆಚ್ಚದಲ್ಲಿಯೇ ಪತ್ತೆ ಮಾಡಬಹುದು.

ಇಂಜೆಕ್ಷನ್ ವ್ಯವಸ್ಥೆ ಬಂದ ಬಗೆ

ಹಿಂದಿನ ಅಂಬಾಸಿಡರ್, ಫಿಯೆಟ್ ಕಾರುಗಳಲ್ಲಿ ಗಾಳಿ ಮತ್ತು ಪೆಟ್ರೋಲನ್ನು ಬೆರೆಸುವ ಕಾರ್ಯವನ್ನು ಕಾರ್ಬ್ಯುರೇಟರ್ ನಿರ್ವಹಿಸುತ್ತಿತ್ತು. ಚಳಿಯ ಮುಂಜಾನೆ ಚಾಲಕರು ಚೋಕಿನ ಗುಂಡಿಯನ್ನು ಎಳೆದು ಎಂಜಿನ್ನಿಗೆ ಹೆಚ್ಚು ಪೆಟ್ರೋಲ್ ದೊರೆಯುವಂತೆ ಮಾಡುತ್ತಿದ್ದರು. ವಾಯುಮಾಲಿನ್ಯವನ್ನು ನಿಯಂತ್ರಿಸುವ ಉದ್ದೇಶದಿಂದ 1995ರ ಏಪ್ರಿಲ್‌ನಲ್ಲಿ ನಾಲ್ಕು ಮಹಾನಗರಗಳ ಹೊಸ ಪೆಟ್ರೋಲ್ ಕಾರುಗಳಿಗೆ ಕೆಟಲಿಟಿಕ್ ಕನ್ವರ್ಟರ್ ಕಡ್ಡಾಯವಾಯಿತು. 2000ದ ಏಪ್ರಿಲ್‌ನಲ್ಲಿ ದೇಶದಾದ್ಯಂತ ಹೊಗೆಯ ಮಾನದಂಡಗಳು ಬಿಗಿಯಾದವು. ಹೈದರಾಬಾದಿನಲ್ಲಿ 2005ರಲ್ಲಿ ಭಾರತ್ ಸ್ಟೇಜ್-3, 2010ರಲ್ಲಿ ಭಾರತ್ ಸ್ಟೇಜ್-4 ಮಾನದಂಡಗಳು ಜಾರಿಗೆ ಬಂದವು. ಈ ಮಾನದಂಡಗಳನ್ನು ಪಾಲಿಸಲು ತಯಾರಕರು ಕಾರ್ಬ್ಯುರೇಟರನ್ನು ಕೈಬಿಟ್ಟು ಎಂ.ಪಿ.ಎಫ್.ಐ. ಎಂದು ಜನಜನಿತವಾಗಿರುವ ಇಂಧನ ಇಂಜೆಕ್ಷನ್ ವ್ಯವಸ್ಥೆಯನ್ನು ಅಳವಡಿಸಿದರು. 1998ರಲ್ಲಿ ಮಾರುಕಟ್ಟೆಗೆ ಬಂದ ಸ್ಯಾಂಟ್ರೋ ಹಾಗೂ 2000ದ ನಂತರದ ಮಾರುತಿ 800 ಈ ಪೀಳಿಗೆಗೆ ಸೇರಿದವು.

ಈ ವ್ಯವಸ್ಥೆಯಲ್ಲಿ ಚೋಕ್ ಇಲ್ಲ. ಟ್ಯಾಂಕಿನಲ್ಲಿರುವ ವಿದ್ಯುತ್ ಪಂಪು ಪೆಟ್ರೋಲನ್ನು ನಿಗದಿತ ಒತ್ತಡದಲ್ಲಿ ಇಂಜೆಕ್ಟರುಗಳಿಗೆ ತಲುಪಿಸುತ್ತದೆ. ಎಂಜಿನ್ನಿನ ಉಷ್ಣತೆ, ಒಳಬರುವ ಗಾಳಿಯ ಪ್ರಮಾಣ, ಕ್ರ್ಯಾಂಕ್ ದಂಡದ ತಿರುಗುವಿಕೆ ಇವುಗಳನ್ನು ಸೆನ್ಸರುಗಳು ಗಣಕ ಘಟಕಕ್ಕೆ ತಿಳಿಸುತ್ತವೆ. ಎಷ್ಟು ಪೆಟ್ರೋಲನ್ನು ಯಾವ ಕ್ಷಣದಲ್ಲಿ ಚಿಮ್ಮಿಸಬೇಕೆಂಬುದನ್ನು ಆ ಘಟಕ ನಿರ್ಧರಿಸುತ್ತದೆ. ಆದುದರಿಂದ ಎಂಜಿನ್ ಚಾಲೂ ಆಗಲು ನಾಲ್ಕು ಅಂಶಗಳು ಅಗತ್ಯ: ಸಾಕಷ್ಟು ವೇಗದ ತಿರುಗುವಿಕೆ, ಸರಿಯಾದ ಒತ್ತಡದ ಇಂಧನ, ಸಕಾಲದ ಕಿಡಿ ಮತ್ತು ಸೆನ್ಸರುಗಳ ನಿಜವಾದ ಮಾಹಿತಿ. ಪರಿಶೀಲನೆಯೂ ಇದೇ ಕ್ರಮದಲ್ಲಿ ನಡೆಯಬೇಕು.

ಮೊದಲು ಕಿವಿಗೊಟ್ಟು ಕೇಳಿರಿ

ಕೀಲಿ ತಿರುಗಿಸಿದಾಗ ಕೇಳಿಬರುವ ಧ್ವನಿಯೇ ಮೊದಲ ಸುಳಿವು. ಕೇವಲ ಟಿಕ್ ಟಿಕ್ ಎಂಬ ಸದ್ದಾದರೆ ಅಥವಾ ಎಂಜಿನ್ ಬಳಲಿದಂತೆ ನಿಧಾನವಾಗಿ ತಿರುಗಿದರೆ ಇಂಧನ ವ್ಯವಸ್ಥೆಯನ್ನು ಮುಟ್ಟುವ ಅಗತ್ಯವಿಲ್ಲ. ದೋಷ ಬ್ಯಾಟರಿಯಲ್ಲಿ, ಅದರ ತುದಿಗಳಲ್ಲಿ, ಅರ್ತ್ ತಂತಿಯಲ್ಲಿ ಅಥವಾ ಸ್ಟಾರ್ಟರ್ ಮೋಟಾರಿನಲ್ಲಿ ಇರುತ್ತದೆ. ಪೂರ್ಣ ಚಾರ್ಜ್ ಆಗಿರುವ ಬ್ಯಾಟರಿ ವಿಶ್ರಾಂತ ಸ್ಥಿತಿಯಲ್ಲಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. ಸ್ಟಾರ್ಟರ್ ತಿರುಗುವಾಗ ಅದು 9.6 ವೋಲ್ಟಿಗಿಂತ ಕೆಳಗಿಳಿದರೆ ಬ್ಯಾಟರಿ ಅಥವಾ ಅದರ ಜೋಡಣೆಗಳು ದುರ್ಬಲವಾಗಿವೆ ಎಂದು ತಿಳಿಯಬೇಕು. ತುದಿಗಳ ಮೇಲೆ ಬೆಳೆದ ಬಿಳಿ, ಹಸಿರು ಬಣ್ಣದ ಕಿಲುಬನ್ನು ತೆಗೆದು ಬಿಗಿಗೊಳಿಸಿದ ಮಾತ್ರಕ್ಕೆ ಸರಿಹೋದ ಉದಾಹರಣೆಗಳು ಬಹಳ.

ಎಂಜಿನ್ ಎಂದಿನಂತೆ ಚುರುಕಾಗಿ ತಿರುಗುತ್ತಿದ್ದು ಹೊತ್ತಿಕೊಳ್ಳದಿದ್ದರೆ ದೋಷ ಇಂಧನ, ಕಿಡಿ ಅಥವಾ ಸೆನ್ಸರಿನದು. ಎಂದಿಗಿಂತಲೂ ಅತಿ ವೇಗವಾಗಿ, ಹಗುರವಾಗಿ ತಿರುಗಿದರೆ ಟೈಮಿಂಗ್ ಬೆಲ್ಟ್ ತುಂಡಾಗಿರುವ ಸಂಭವವಿದೆ. ಆಗ ಮತ್ತೆ ಮತ್ತೆ ಪ್ರಯತ್ನಿಸುವುದು ಅಪಾಯಕರ.

ಇಂಧನದ ಒತ್ತಡ

ಕೀಲಿಯನ್ನು ಚಾಲೂ ಸ್ಥಾನಕ್ಕೆ ತಂದೊಡನೆ, ಸ್ಟಾರ್ಟರ್ ತಿರುಗಿಸುವ ಮೊದಲೇ, ಅನೇಕ ಕಾರುಗಳಲ್ಲಿ ಹಿಂಬದಿಯ ಆಸನದ ಕೆಳಗಿನಿಂದ ಎರಡು ಮೂರು ಸೆಕೆಂಡುಗಳ ಕಾಲ ಸಣ್ಣ ಝೇಂಕಾರ ಕೇಳಿಬರುತ್ತದೆ. ಅದು ಪಂಪಿನ ಧ್ವನಿ. ಅದು ಕೇಳಿಸದಿದ್ದಲ್ಲಿ ಮೊದಲು ಫ್ಯೂಸ್ ಮತ್ತು ರಿಲೇಯನ್ನು, ಅನಂತರ ಪಂಪನ್ನು ಪರೀಕ್ಷಿಸತಕ್ಕದ್ದು.

ಎಂಜಿನ್ ನಿಂತ ಮೇಲೂ ಕೊಳವೆಯಲ್ಲಿ ಒತ್ತಡ ಉಳಿಯುವಂತೆ ಪಂಪಿನಲ್ಲಿ ಏಕಮುಖ ಕವಾಟವಿರುತ್ತದೆ. ಹಳೆಯ ಕಾರುಗಳಲ್ಲಿ ಈ ಕವಾಟ ಸವೆದು ಒತ್ತಡ ಸೋರಿಹೋಗುತ್ತದೆ. ಇದನ್ನು ಗುರುತಿಸಲು ಸರಳ ಪರೀಕ್ಷೆಯೊಂದಿದೆ. ಸ್ಟಾರ್ಟರ್ ತಿರುಗಿಸದೆ ಕೀಲಿಯನ್ನು ಮೂರು ಬಾರಿ ಚಾಲೂ ಮಾಡಿ, ಪ್ರತಿ ಬಾರಿಯೂ ಪಂಪಿನ ಧ್ವನಿ ನಿಲ್ಲುವವರೆಗೆ ಕಾದು ಆರಿಸಬೇಕು. ನಾಲ್ಕನೆಯ ಬಾರಿ ಎಂಜಿನ್ ಒಡನೆಯೇ ಚಾಲೂ ಆದರೆ ಒತ್ತಡ ಸೋರುತ್ತಿದೆ ಎಂದರ್ಥ. ಪಂಪಿನ ಕವಾಟ, ಒತ್ತಡ ನಿಯಂತ್ರಕ ಅಥವಾ ತೊಟ್ಟಿಕ್ಕುವ ಇಂಜೆಕ್ಟರ್ ಇದಕ್ಕೆ ಕಾರಣವಾಗಿರುತ್ತದೆ. ಚಾಲೂ ಆದೊಡನೆ ಕಪ್ಪು ಹೊಗೆ ಹಾಗೂ ಪೆಟ್ರೋಲಿನ ವಾಸನೆ ಬಂದಲ್ಲಿ ಇಂಜೆಕ್ಟರಿನ ಮೇಲೆ ಸಂಶಯ ಹೆಚ್ಚುತ್ತದೆ.

ಹೈದರಾಬಾದಿನಲ್ಲಿ ಮೇ ತಿಂಗಳ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟುವುದುಂಟು. ಬಿಸಿಲಿನಲ್ಲಿ ಓಡಿಸಿ ನಿಲ್ಲಿಸಿದ ಕಾರು ಇಪ್ಪತ್ತು ನಿಮಿಷಗಳ ನಂತರ ಹಠ ಹಿಡಿಯುವುದಕ್ಕೂ ಇದೇ ಸೋರಿಕೆ ಕಾರಣವಾಗಬಹುದು. ಒತ್ತಡವಿಲ್ಲದ ಪೆಟ್ರೋಲು ಎಂಜಿನ್ನಿನ ಕಾವಿಗೆ ಕೊಳವೆಯಲ್ಲಿಯೇ ಆವಿಯಾಗಿಬಿಡುತ್ತದೆ.

ಪೆಟ್ರೋಲಿಗೆ ಎಥನಾಲ್ ಬೆರೆಸುವ ಪ್ರಮಾಣ 2025ರಲ್ಲಿ ಶೇಕಡಾ 20ಕ್ಕೆ ತಲುಪಿದೆ. ಎಥನಾಲ್ ತೇವಾಂಶವನ್ನು ಹೀರಿಕೊಳ್ಳುವ ಗುಣವುಳ್ಳದ್ದು. ಆದಕಾರಣ ಹಳೆಯ ಕಾರುಗಳಲ್ಲಿ ರಬ್ಬರ್ ಕೊಳವೆ ಹಾಗೂ ವಾಷರುಗಳು ಮೆತ್ತಗಾಗಿವೆಯೇ, ಬಿರುಕು ಬಿಟ್ಟಿವೆಯೇ ಎಂದು ಆಗಾಗ್ಗೆ ನೋಡುತ್ತಿರಬೇಕು. ತಿಂಗಳುಗಟ್ಟಲೆ ಕಾರನ್ನು ಓಡಿಸದೆ ನಿಲ್ಲಿಸುವುದು ಒಳ್ಳೆಯದಲ್ಲ.

ಕಿಡಿ ಮತ್ತು ಸೆನ್ಸರುಗಳು

ಸವೆದ ಸ್ಪಾರ್ಕ್ ಪ್ಲಗ್, ಬಿರುಕುಬಿಟ್ಟ ಹೈಟೆನ್ಷನ್ ತಂತಿ ಮತ್ತು ದುರ್ಬಲ ಕಾಯಿಲ್ ಮಳೆಗಾಲದ ತೇವದಲ್ಲಿ ಹೆಚ್ಚು ತೊಂದರೆ ಕೊಡುತ್ತವೆ. ಪ್ಲಗ್ಗನ್ನು ಹೊರತೆಗೆದು ನೋಡಿದಾಗ ಅದು ಪೆಟ್ರೋಲಿನಿಂದ ಒದ್ದೆಯಾಗಿದ್ದರೆ ಇಂಧನ ಬರುತ್ತಿದೆ, ಹೊತ್ತಿಕೊಳ್ಳುತ್ತಿಲ್ಲ ಎಂದು ತಿಳಿಯಬೇಕು. ಪೂರ್ಣ ಒಣಗಿದ್ದರೆ ಇಂಧನವೇ ತಲುಪುತ್ತಿಲ್ಲ.

ತಂಪಾದ ಎಂಜಿನ್ ಮಾತ್ರ ತೊಂದರೆ ಕೊಡುತ್ತಿದ್ದರೆ ನೀರಿನ ಉಷ್ಣತೆಯ ಸೆನ್ಸರನ್ನು ಪರೀಕ್ಷಿಸಬೇಕು. ಎಂಜಿನ್ ಬಿಸಿಯಾಗಿದೆ ಎಂದು ಅದು ತಪ್ಪಾಗಿ ತಿಳಿಸಿದಲ್ಲಿ, ಮುಂಜಾನೆ ದೊರೆಯಬೇಕಾದ ಹೆಚ್ಚುವರಿ ಪೆಟ್ರೋಲು ದೊರೆಯುವುದಿಲ್ಲ. ಬಿಸಿ ಎಂಜಿನ್ ತಣ್ಣಗಿದೆ ಎಂದು ತಿಳಿಸಿದಲ್ಲಿ ಪೆಟ್ರೋಲು ಅಧಿಕವಾಗಿ ಪ್ಲಗ್ಗುಗಳು ತೊಯ್ದುಹೋಗುತ್ತವೆ. ಸಾಮಾನ್ಯವಾಗಿ ಈ ಸೆನ್ಸರಿನ ವಿದ್ಯುತ್ ರೋಧ 20 ಡಿಗ್ರಿಯಲ್ಲಿ 2,000ದಿಂದ 3,000 ಓಮ್‌ಗಳಷ್ಟಿದ್ದು, 80 ಡಿಗ್ರಿಯಲ್ಲಿ ಸುಮಾರು 300 ಓಮ್‌ಗಳಿಗೆ ಇಳಿಯುತ್ತದೆ. ಮಲ್ಟಿಮೀಟರ್ ಇದ್ದರೆ ಅಳೆಯುವುದು ಕಷ್ಟವಲ್ಲ.

ಬಿಸಿಯಾದ ನಂತರ ಏಕಾಏಕಿ ನಿಂತು, ತಣ್ಣಗಾದ ಮೇಲೆ ಏನೂ ಆಗದಂತೆ ಚಾಲೂ ಆಗುವ ಕಾರಿನಲ್ಲಿ ಕ್ರ್ಯಾಂಕ್ ಸೆನ್ಸರಿನ ದೋಷವಿರಬಹುದು. ಆಕ್ಸಿಲರೇಟರನ್ನು ಸ್ವಲ್ಪ ಒತ್ತಿದಾಗ ಮಾತ್ರ ಚಾಲೂ ಆದರೆ ಥ್ರಾಟಲಿನಲ್ಲಿ ಮಸಿ ಕಟ್ಟಿದೆ ಅಥವಾ ಐಡಲ್ ಕವಾಟ ಸಿಕ್ಕಿಕೊಂಡಿದೆ ಎಂದು ಊಹಿಸಬಹುದು. ಇಂತಹ ಸಂದರ್ಭದಲ್ಲಿ ಬಿಡಿಭಾಗ ಕೊಳ್ಳುವ ಮೊದಲು ಸ್ವಚ್ಛಗೊಳಿಸಿ ನೋಡುವುದು ಯುಕ್ತ.

ಪ್ರವಾಹದ ನೀರಿನಲ್ಲಿ ಮುಳುಗಿದ ಕಾರು

2020ರ ಅಕ್ಟೋಬರ್ 13 ಮತ್ತು 14ರಂದು ಸುರಿದ ಭಾರೀ ಮಳೆಯಿಂದ ಹೈದರಾಬಾದಿನ ಅನೇಕ ಬಡಾವಣೆಗಳು ಜಲಾವೃತಗೊಂಡು ಕಾರುಗಳು ಮುಳುಗಿದವು. ಇಂತಹ ಸಂದರ್ಭದಲ್ಲಿ ಕೀಲಿ ತಿರುಗಿಸಿ ನೋಡೋಣವೆಂಬ ಆತುರ ಸಲ್ಲದು. ನೀರು ಸಿಲಿಂಡರಿನೊಳಗೆ ಸೇರಿದ್ದರೆ, ಅದು ಗಾಳಿಯಂತೆ ಅದುಮಲ್ಪಡುವುದಿಲ್ಲ; ಕನೆಕ್ಟಿಂಗ್ ರಾಡ್ ಬಾಗುತ್ತದೆ. ಸಣ್ಣ ವೆಚ್ಚದಲ್ಲಿ ಉಳಿಯಬಹುದಾಗಿದ್ದ ಎಂಜಿನ್ ಒಂದು ಕ್ಷಣದಲ್ಲಿ ನಾಶವಾಗುತ್ತದೆ. ಬ್ಯಾಟರಿಯ ಸಂಪರ್ಕ ತೆಗೆದು, ಕಾರನ್ನು ಎತ್ತಿಸಿಕೊಂಡು ಕಾರ್ಯಾಗಾರಕ್ಕೆ ಒಯ್ಯುವುದೇ ಸರಿಯಾದ ಮಾರ್ಗ.

ಪಾಲಿಸಬೇಕಾದ ಎಚ್ಚರಿಕೆಗಳು

1. ಸ್ಟಾರ್ಟರನ್ನು ಒಮ್ಮೆಗೆ ಹತ್ತು ಸೆಕೆಂಡಿಗಿಂತ ಹೆಚ್ಚು ತಿರುಗಿಸಬಾರದು. ಪ್ರಯತ್ನಗಳ ನಡುವೆ ಅರ್ಧ ನಿಮಿಷವಾದರೂ ಬಿಡುವು ಕೊಡಬೇಕು.

2. ಇಂಧನ ಕೊಳವೆಯಲ್ಲಿ ಎಂಜಿನ್ ನಿಂತಿರುವಾಗಲೂ ಸುಮಾರು 3 ಬಾರ್ ಒತ್ತಡವಿರಬಹುದು. ಅದನ್ನು ಮನೆಯಲ್ಲಿ ಬಿಚ್ಚಬಾರದು. ಚಿಮ್ಮಿದ ಪೆಟ್ರೋಲಿಗೆ ಒಂದು ಕಿಡಿ ತಗುಲಿದರೂ ಬೆಂಕಿ ಹೊತ್ತಿಕೊಳ್ಳುತ್ತದೆ.

3. ಕೆಟಲಿಟಿಕ್ ಕನ್ವರ್ಟರ್ ಇರುವ ಕಾರನ್ನು ದೂರದವರೆಗೆ ತಳ್ಳಿ ಚಾಲೂ ಮಾಡಲು ಯತ್ನಿಸಬಾರದು. ಉರಿಯದ ಪೆಟ್ರೋಲು ಕನ್ವರ್ಟರಿಗೆ ಸೇರಿ ಅದನ್ನು ಹಾಳುಮಾಡುತ್ತದೆ.

4. ಮುಚ್ಚಿದ ಗ್ಯಾರೇಜಿನಲ್ಲಿ ಎಂಜಿನ್ನನ್ನು ಚಾಲೂ ಇಡಬಾರದು. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ವಾಸನೆಯಿಲ್ಲದ ಪ್ರಾಣಾಂತಿಕ ಅನಿಲ.

5. ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ತಂತಿಯನ್ನು ಕಳಚಬಾರದು. ಇದರಿಂದ ಗಣಕ ಘಟಕಕ್ಕೆ ಹಾನಿಯಾಗಬಹುದು.

ಕಾರ್ಯಾಗಾರಕ್ಕೆ ಹೋಗುವ ಮುನ್ನ

ತೊಂದರೆ ಬೆಳಿಗ್ಗೆ ಕಾಣಿಸುತ್ತದೆಯೇ, ಬಿಸಿಯಾದಾಗಲೇ, ಮಳೆ ಬಂದಾಗಲೇ. ಪಂಪಿನ ಧ್ವನಿ ಕೇಳಿಸಿತೇ. ಹೊಗೆಯ ಬಣ್ಣ ಯಾವುದು. ಎಂಜಿನ್ ಚಿಹ್ನೆಯ ದೀಪ ಉರಿಯಿತೇ ಎಂಬುದನ್ನು ಒಂದು ಕಾಗದದಲ್ಲಿ ಬರೆದುಕೊಂಡು ಮೆಕ್ಯಾನಿಕರಿಗೆ ಒಪ್ಪಿಸುವುದು ಉಪಯುಕ್ತ. ಹಳೆಯ ಕಾರುಗಳಲ್ಲಿ ಪರೀಕ್ಷಾ ಸಾಕೆಟ್ ತಯಾರಕರಿಂದ ತಯಾರಕರಿಗೆ ಭಿನ್ನವಾಗಿರುತ್ತದೆ. ಆದುದರಿಂದ ತಮ್ಮ ಮಾದರಿಗೆ ಹೊಂದುವ ಸ್ಕ್ಯಾನರ್ ಇದೆಯೇ ಎಂದು ಮೊದಲೇ ವಿಚಾರಿಸಬೇಕು. ಇಂಧನ ಒತ್ತಡವನ್ನು ಗೇಜಿನಿಂದ ಅಳೆದು ತೋರಿಸುವಂತೆ ಕೇಳುವ ಹಕ್ಕು ಗ್ರಾಹಕರಿಗಿದೆ. ಬದಲಾಯಿಸಿದ ಹಳೆಯ ಭಾಗವನ್ನೂ ರಸೀದಿಯನ್ನೂ ಕೇಳಿ ಪಡೆಯಬೇಕು.

ಖಾಸಗಿ ಕಾರಿನ ನೋಂದಣಿಯನ್ನು ಹದಿನೈದು ವರ್ಷಗಳ ಬಳಿಕ ನವೀಕರಿಸಬೇಕಾದಾಗ ವಾಹನವು ಸುಸ್ಥಿತಿಯಲ್ಲಿರುವುದು ಅವಶ್ಯಕ. ಚಾಲೂ ಆಗಲು ತಡಮಾಡುವ ಎಂಜಿನ್ ಬಹುತೇಕ ಹೆಚ್ಚು ಇಂಧನವನ್ನು ಸುಡುತ್ತದೆ, ಹೆಚ್ಚು ಹೊಗೆಯನ್ನೂ ಉಗುಳುತ್ತದೆ. ದೋಷವನ್ನು ಆರಂಭದಲ್ಲಿಯೇ ಗುರುತಿಸಿದಲ್ಲಿ ಕುಟುಂಬದ ಹಣ ಉಳಿಯುತ್ತದೆ, ನಗರದ ಗಾಳಿ ಸ್ವಲ್ಪಮಟ್ಟಿಗಾದರೂ ಶುದ್ಧವಾಗಿರುತ್ತದೆ ಮತ್ತು ಅವಸರದ ಹೊತ್ತಿನಲ್ಲಿ ವಾಹನ ಕೈಕೊಡುವುದಿಲ್ಲ.