ಬಿಸಿನೀರ ಸ್ನಾನ ಮತ್ತು ಮೂರ್ಛೆ

ಕೆಲವು ವರ್ಷಗಳ ಹಿಂದೆ ಗಿಣಿಗೇರಾದ ತಾಯಿಯೊಬ್ಬರು ತಮ್ಮ ಮಗನನ್ನು ನನ್ನ ಚಿಕಿತ್ಸಾಲಯಕ್ಕೆ ಕರೆತಂದರು. ತಲೆಸ್ನಾನ ಮಾಡಿಸುವಾಗಲೆಲ್ಲ ಬಾಲಕನು ಪ್ರಜ್ಞೆ ತಪ್ಪುತ್ತಿದ್ದನು. ದೆವ್ವದ ಕಾಟವೆಂದು ತಾಯಿತ ಕಟ್ಟಿಸಿದ್ದರು; ಮೂರ್ಛೆ ಬಂದಾಗ ಕೈಯಲ್ಲಿ ಕಬ್ಬಿಣ ಹಿಡಿಸುತ್ತಿದ್ದರು.

ಇದು ಬಿಸಿನೀರಿನ ಅಪಸ್ಮಾರ. ಹಂಡೆಯ ಬಿಸಿನೀರನ್ನು ತಂಬಿಗೆಯಿಂದ ಒಂದೇ ಸಮನೆ ನೆತ್ತಿಗೆ ಸುರಿಯುವ ರೂಢಿಯುಳ್ಳ ನಮ್ಮ ನಾಡಿನಲ್ಲಿ ಇದು ಅಪರೂಪವಲ್ಲ. ಬೆಂಗಳೂರಿನ ಡಾ. ಕೆ.ಎಸ್. ಮಣಿ ಹಾಗೂ ಸಂಗಡಿಗರು 1968ರಲ್ಲಿಯೇ ಇದನ್ನು ವರದಿ ಮಾಡಿದ್ದರು.

ಇಂತಹ ರೋಗಿಗಳ ಎಂ.ಆರ್.ಐ. ಚಿತ್ರವು ಬಹುಪಾಲು ಸಹಜವಾಗಿಯೇ ಇರುತ್ತದೆ. ಏಕೆಂದರೆ ಅದು ತೋರುವುದು ಮಿದುಳಿನ ರಚನೆಯನ್ನು. ಮೂರ್ಛೆಯ ವೇಳೆ ಮಿದುಳಿನ ಯಾವ ಭಾಗಕ್ಕೆ ರಕ್ತವು ಹೆಚ್ಚಾಗಿ ಹರಿಯಿತೆಂಬುದನ್ನು ‘ಸ್ಪೆಕ್ಟ್’ ಪರೀಕ್ಷೆಯು ತೋರಿಸುತ್ತದೆ. ನಿಮ್ಹಾನ್ಸ್‌ನ ಡಾ. ಪಿ. ಸತೀಶ್ಚಂದ್ರ ಮತ್ತು ಸಹೋದ್ಯೋಗಿಗಳು ಹೀಗೆ ಪರೀಕ್ಷಿಸಿದಾಗ, ಕಿವಿಯ ನೇರಕ್ಕಿರುವ ಟೆಂಪೊರಲ್ ಭಾಗದ ಒಳಮೈ ಹಾಗೂ ಹೈಪೊಥಲಾಮಸ್ ಕೆರಳಿರುವುದು ಕಂಡುಬಂದಿತು. ದೇಹದ ಉಷ್ಣವನ್ನು ಹದದಲ್ಲಿಡುವ ಕೇಂದ್ರವೇ ಹೈಪೊಥಲಾಮಸ್. ದೆವ್ವಕ್ಕೆ ಇಲ್ಲಿ ಎಡೆಯೆಲ್ಲಿ?

ಆಯುರ್ವೇದ ವೈದ್ಯನಾದ ನಾನು ಆ ಬಾಲಕನನ್ನು ನರರೋಗ ತಜ್ಞರಲ್ಲಿಗೇ ಕಳುಹಿಸಿದೆನು. ಈಗ ಉಗುರುಬೆಚ್ಚನೆಯ ನೀರಿನಲ್ಲಿ ಮೀಯುತ್ತಾನೆ, ಮೂರ್ಛೆ ಮರುಕಳಿಸಿಲ್ಲ.

ಸದ್ಭಕ್ತರಲ್ಲಿ ನನ್ನ ವಿನಂತಿಯಿಷ್ಟೆ: ಮೂರ್ಛೆ ಬಂದವರನ್ನು ಮಗ್ಗುಲಾಗಿ ಮಲಗಿಸಿರಿ, ಬಾಯಿಗೆ ಏನನ್ನೂ ಹಾಕದಿರಿ. ಐದು ನಿಮಿಷ ಮೀರಿದರೆ ಆಸ್ಪತ್ರೆಗೆ ಒಯ್ಯಿರಿ. ಈ ತೊಂದರೆಯುಳ್ಳವರು ಸ್ನಾನದ ಮನೆಯ ಅಗುಳಿ ಹಾಕಿಕೊಳ್ಳಬಾರದು. ತಜ್ಞರು ಕೊಟ್ಟ ಮಾತ್ರೆಗಳನ್ನು ಯಾರ ಮಾತು ಕೇಳಿಯೂ, ನನ್ನಂತಹ ವೈದ್ಯರ ಕಷಾಯವನ್ನು ನೆಚ್ಚಿಯೂ ತಾವಾಗಿ ನಿಲ್ಲಿಸಬಾರದು.